ಬೆಕ್ಡೆಲ್ ಪರೀಕ್ಷೆ: ಹರಿದಾಡುತ್ತಿರುವ ಮೆಸೇಜ್ ಬಗ್ಗೆ ಸ್ಪಷ್ಟನೆ

‘ಬೆಕ್ಡೆಲ್ ಪರೀಕ್ಷೆ ಪಾಸಾದ ಧಾರಾವಾಹಿ ಸ್ತ್ರೀಪರ, ಫೇಲಾದದ್ದು ಸ್ತ್ರೀವಿರೋಧಿ, ಇದು ವಿಶ್ವಸಂಸ್ಥೆಯ ಮಾನದಂಡ’ ಎಂಬ ಮೆಸೇಜ್ ಬೆಂಗಳೂರಿನ ಸೀರಿಯಲ್ ಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಈ ಪರೀಕ್ಷೆ 1985ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್ಡೆಲ್ ತಮ್ಮ ಕಾಮಿಕ್ಸ್ ಪಾತ್ರವೊಂದರ ಬಾಯಲ್ಲಿ ಆಡಿಸಿದ ಮಾತು. ಮೂಲ ಯೋಚನೆ ಗೆಳತಿ ಲಿಜ್ ವ್ಯಾಲೇಸ್ ಅವರದೆಂದು ಬೆಕ್ಡೆಲ್ ಅವರೇ ತಿಳಿಸಿದ್ದಾರೆ. ಕೇಳುವುದಿಷ್ಟೇ: ಕಥೆಯಲ್ಲಿ ಕನಿಷ್ಠ ಇಬ್ಬರು ಹೆಂಗಸರಿದ್ದಾರೆಯೇ, ಪರಸ್ಪರ ಮಾತಾಡುತ್ತಾರೆಯೇ, ಅದೂ ಗಂಡಸಿನ ವಿಷಯ ಬಿಟ್ಟು?

‘ಸಾರಿಗೆ ಉಪ್ಪು ಹಾಕೋಕೂ ಬರಲ್ವಾ?’ ಎಂದು ಅತ್ತೆ ಹಂಗಿಸಿ, ಸೊಸೆ ‘ತಪ್ಪಾಯ್ತು ಅತ್ತೆ’ ಅಂದರೂ ಸಂಚಿಕೆ ಪಾಸ್. ಗಂಡಸರೇ ತುಂಬಿದ ಠಾಣೆಯಲ್ಲಿ ಒಬ್ಬಳೇ ಇನ್‌ಸ್ಪೆಕ್ಟರ್ ಇಡೀ ಕಥೆ ಹೊತ್ತರೂ ಫೇಲ್. ಹತ್ತಾರು ಧಾರಾವಾಹಿಗಳನ್ನು ಒಟ್ಟಾಗಿ ತೂಗಿ ನೋಡಲು ಇದು ಉಪಯುಕ್ತ. ಒಂದೇ ಪಾತ್ರವನ್ನು ತೂಗಲು ಅಲ್ಲ. ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.