ಸೋರ್ಸ್ ಕೋಡ್ ಇದೆಯಲ್ಲ, ಓದಿಕೊಳ್ಳಿ

ಮತ್ತೊಂದು ಫ್ರೇಮ್‌ವರ್ಕಿನ, ಅಂದರೆ ವೆಬ್ ಆ್ಯಪ್ ಕಟ್ಟಲು ಬಳಸುವ ಸಿದ್ಧ ಕೋಡಿನ, ಹೊಸ ಮೇಜರ್ ವರ್ಶನ್ ಬಂದಿದೆ. ಅಭಿನಂದನೆಗಳು. ಹೊಸ ಲೋಗೋ, ಡಾರ್ಕ್ ಮೋಡ್, ಮುಖಪುಟದಲ್ಲಿ ಮೂರು ಡಬ್ಬಿಗಳಲ್ಲಿ ವೇಗ, ಸರಳ, ಹಗುರ ಅಂತ ಬರಹ, ಎಲ್ಲವೂ ಚೆನ್ನಾಗಿದೆ. ನಿನ್ನೆಯವರೆಗೂ ಓಡುತ್ತಿದ್ದ ಫಂಕ್ಷನ್ ಎಲ್ಲಿ ಹೋಯಿತು ಅನ್ನುವುದೊಂದು ಮಾತ್ರ ಗೊತ್ತಾಗುತ್ತಿಲ್ಲ. ಡಾಕ್ಸ್‌ನಲ್ಲಿ, ಅಂದರೆ ಅದರ ಕೈಪಿಡಿಯಾದ ಡಾಕ್ಯುಮೆಂಟೇಶನ್‌ನಲ್ಲಿ, ಹಳೆಯ ಲಿಂಕ್ ಒತ್ತಿದರೆ 404, ಪುಟವೇ ಇಲ್ಲ. ಹೊಸ ಪುಟದಲ್ಲಿ 'ಈ ಭಾಗ ಇನ್ನೂ ತಯಾರಾಗುತ್ತಿದೆ' ಅಂತ ಒಂದೇ ಸಾಲು. ಹಳೆಯದರಿಂದ ಹೊಸ ವರ್ಶನ್‌ಗೆ ಹೋಗುವ ದಾರಿ ಹೇಳುವ ಮೈಗ್ರೇಶನ್ ಗೈಡ್ ತೆರೆದರೆ, ಹೆಚ್ಚಿನ ಆ್ಯಪ್‌ಗಳಿಗೆ ಯಾವ ಬದಲಾವಣೆಯೂ ಬೇಕಿಲ್ಲವಂತೆ. ಆ ಹೆಚ್ಚಿನ ಆ್ಯಪ್‌ಗಳು ಯಾರ ಹತ್ತಿರ ಇವೆಯೋ, ನಾನಂತೂ ಒಂದನ್ನೂ ಕಂಡಿಲ್ಲ.

ಬಹುಶಃ ಅವೆಲ್ಲ ಟೂಡೂ ಲಿಸ್ಟ್, ಮಾಡಬೇಕಾದ ಕೆಲಸಗಳ ಪಟ್ಟಿಯ ಆ್ಯಪ್, ಇರಬೇಕು. ಟೂಡೂ ಲಿಸ್ಟ್ ಕಟ್ಟುವುದರಲ್ಲಿ ನಮ್ಮ ಫ್ರೇಮ್‌ವರ್ಕ್‌ಗಳನ್ನು ಮೀರಿಸುವವರಿಲ್ಲ. ಅದೇ ಲಿಸ್ಟನ್ನು ಹತ್ತಾರು ಫ್ರೇಮ್‌ವರ್ಕ್‌ಗಳಲ್ಲಿ ಬರೆದು ಸಾಲಾಗಿ ನಿಲ್ಲಿಸಿದ ಟೂಡೂ ಎಂವಿಸಿ ಅನ್ನುವ ಪ್ರಾಜೆಕ್ಟೇ ಇದೆ. ಡಾಕ್ಸ್ ಬರೆಯುವವರ ಲೋಕವೂ ಅಷ್ಟೇ ಸುಖದ್ದು. ಅಲ್ಲಿ ಸರ್ವರ್ ಯಾವತ್ತೂ ಕೈಕೊಡುವುದಿಲ್ಲ, ಲಾಗಿನ್ ಅವಧಿ ಮುಗಿಯುವುದಿಲ್ಲ, ಯಾರೂ ಒಂದೇ ಫಾರ್ಮನ್ನು ಎರಡು ಟ್ಯಾಬಿನಲ್ಲಿ ತೆರೆದು ಎರಡು ಕಡೆಯೂ ಸಬ್‌ಮಿಟ್ ಒತ್ತುವುದಿಲ್ಲ. ಎರರ್ ಬಂದರೆ ಏನು ಮಾಡಬೇಕು ಅನ್ನುವ ಜಾಗದಲ್ಲಿ ಒಂದು ಕಾಮೆಂಟ್ ಇರುತ್ತದೆ: 'ಎರರ್ ಅನ್ನು ಇಲ್ಲಿ ನಿಭಾಯಿಸಿ'. ಆಯ್ತು ಸ್ವಾಮಿ, ನಿಭಾಯಿಸುತ್ತೇವೆ. ಅದನ್ನು ಕಲಿಯೋಕೆ ತಾನೇ ಬಂದಿದ್ದು.

ಇದೆಲ್ಲ ಸಣ್ಣ ಪ್ರಾಜೆಕ್ಟ್‌ಗಳ ಬಡತನ ಅಂದುಕೊಳ್ಳಬೇಡಿ. ಫೇಸ್‌ಬುಕ್ ಹುಟ್ಟುಹಾಕಿದ ರಿಯಾಕ್ಟ್‌ಗೆ ಹುಕ್ಸ್, ಅಂದರೆ ಹಳೆಯ ಕ್ಲಾಸ್ ಶೈಲಿಯ ಬದಲು ಬರೀ ಫಂಕ್ಷನ್‌ಗಳಲ್ಲೇ ಕೋಡ್ ಬರೆಯುವ ದಾರಿ, ಬಂದಿದ್ದು 2019ರ ಫೆಬ್ರವರಿಯಲ್ಲಿ. ಹುಕ್ಸ್ ಹಿಡಿದೇ ಪಾಠ ಶುರುಮಾಡುವ ಹೊಸ ಡಾಕ್ಸ್ ಬೀಟಾ ದಾಟಿ ಅಧಿಕೃತ ಆಗಿದ್ದು 2023ರ ಮಾರ್ಚ್‌ನಲ್ಲಿ. ನಾಲ್ಕು ವರ್ಷ! ಅಷ್ಟೂ ಕಾಲ ಹೊಸಬರು ಅಧಿಕೃತ ಪಾಠದಲ್ಲಿ ಕ್ಲಾಸ್ ಕಲಿತು, ಕೆಲಸಕ್ಕೆ ಸೇರಿದ ಮೇಲೆ 'ಅದನ್ನೆಲ್ಲ ಯಾರು ಬರೀತಾರೆ ಈಗ' ಅಂತ ಬೈಸಿಕೊಂಡರು. ಇನ್ನು ಗೂಗಲ್‌ನ ಫ್ರೇಮ್‌ವರ್ಕ್ ಆ್ಯಂಗ್ಯುಲರ್. 2016ರಲ್ಲಿ ಬುಡದಿಂದ ಹೊಸದಾಗಿ ಬರೆದು ಅದೇ ಹೆಸರು ಉಳಿಸಿಕೊಂಡರು. ಆಮೇಲೆ 2ರಿಂದ ಸೀದಾ 4ಕ್ಕೆ ಜಿಗಿದರು, ಯಾಕಂದರೆ ಅದರದೇ ಭಾಗವಾದ, ಪುಟದಿಂದ ಪುಟಕ್ಕೆ ಕರೆದೊಯ್ಯುವ ರೂಟರ್ ಆಗಲೇ 3ರಲ್ಲಿ ಕೂತಿತ್ತು. ಇದರಲ್ಲಿ ತಪ್ಪೇನಿದೆ? ಎಣಿಸುವುದಕ್ಕೂ ಒಂದು ಡಾಕ್ಯುಮೆಂಟೇಶನ್ ಇದ್ದಿದ್ದರೆ ಚೆನ್ನಾಗಿತ್ತು, ಅಷ್ಟೇ.

ಡಾಕ್ಸ್‌ನಲ್ಲಿ ಸಿಗದಿದ್ದರೆ ಹಿರಿಯರ ಸಲಹೆ ಒಂದೇ: ಸೋರ್ಸ್ ಕೋಡ್ ಓದು. ಓದಿದೆವು. ರಿಯಾಕ್ಟ್‌ನ ಸೋರ್ಸ್‌ನಲ್ಲಿ ಬಹಳ ಕಾಲ ಒಂದು ಹೆಸರಿತ್ತು, 'ಸೀಕ್ರೆಟ್ ಇಂಟರ್ನಲ್ಸ್ ಡು ನಾಟ್ ಯೂಸ್ ಆರ್ ಯೂ ವಿಲ್ ಬಿ ಫೈರ್ಡ್'. ಇದು ಕಾಮೆಂಟ್ ಅಲ್ಲ, ಎಕ್ಸ್‌ಪೋರ್ಟ್ ಮಾಡಿಟ್ಟ ಆಬ್ಜೆಕ್ಟಿನ ಹೆಸರು. ಮುಟ್ಟಿದರೆ ಕೆಲಸ ಹೋಗುತ್ತದಂತೆ. ನಿಜ ಹೇಳಬೇಕೆಂದರೆ ಇಡೀ ವೆಬ್ ಲೋಕದಲ್ಲಿ ಇಷ್ಟು ಸ್ಪಷ್ಟವಾದ ಡಾಕ್ಯುಮೆಂಟೇಶನ್ ಇನ್ನೊಂದಿಲ್ಲ! ಆದರೂ ಕೆಲವು ಲೈಬ್ರರಿಗಳು ಮುಟ್ಟಿಯೇ ಮುಟ್ಟಿದವು. 19ನೇ ವರ್ಶನ್‌ನಲ್ಲಿ ಆ ಹೆಸರು ಬದಲಾಯಿತು. ಈಗ ಬಳಸಬೇಡಿ, ಬಳಸಿದರೆ ಅಪ್‌ಗ್ರೇಡ್ ಮಾಡೋಕಾಗಲ್ಲ ಅಂತ ನಿಮ್ಮ ಬಳಕೆದಾರರಿಗೆ ಎಚ್ಚರಿಕೆ ಕೊಡಿ, ಅನ್ನುವ ಧಾಟಿಯಲ್ಲಿದೆ. ಕೆಲಸ ಉಳಿಯಿತು, ಅಪ್‌ಗ್ರೇಡ್ ಹೋಯಿತು.

ಇದಕ್ಕೆಲ್ಲ ಒಂದು ಸಿದ್ಧ ಉತ್ತರ ಇದೆ. ಎಲ್ಲರಿಗೂ ತೆರೆದ ಓಪನ್ ಸೋರ್ಸ್ ಕೋಡ್ ಅಲ್ವಾ, ತಪ್ಪಿದ್ದರೆ ನೀವೇ ತಿದ್ದಿ, ಆ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಪುಲ್ ರಿಕ್ವೆಸ್ಟ್ ಕಳಿಸಿ. 2020ರ ಅಕ್ಟೋಬರ್‌ನಲ್ಲಿ, ಹ್ಯಾಕ್ಟೋಬರ್‌ಫೆಸ್ಟ್ ಅನ್ನುವ ಓಪನ್ ಸೋರ್ಸ್ ಉತ್ಸವದಲ್ಲಿ ಕಳಿಸಿದ್ದರು, ನೆನಪಿದೆಯಾ? ನಾಲ್ಕು ಪುಲ್ ರಿಕ್ವೆಸ್ಟ್ ಕೊಟ್ಟರೆ ಟೀ ಶರ್ಟ್ ಸಿಗುತ್ತದೆ ಅಂದಕೂಡಲೇ ಊರೆಲ್ಲ ಡಾಕ್ಸ್ ತಿದ್ದಲು ನಿಂತಿತು. ಪ್ರಾಜೆಕ್ಟಿನ ಪರಿಚಯ ಹೇಳುವ ರೀಡ್‌ಮಿ ಫೈಲಿನ ತಲೆಬರಹಕ್ಕೆ 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಸೇರಿಸುವುದೇ ದೊಡ್ಡ ಕೊಡುಗೆ. ಕೊನೆಗೆ ಆಯೋಜಕರು ತಿಂಗಳ ಶುರುವಿನಲ್ಲೇ ನಿಯಮ ಬದಲಿಸಿ, ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯಿತು.

ನಗು ಸಾಕು. ನೀವೇ ತಿದ್ದಿ ಅನ್ನುವ ಮಾತು ಕೇಳಿ ಕೇಳಿ ಸುಸ್ತಾಗಿದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲ ಅಂತಲೇ ಕೇಳುತ್ತಿರುವುದು, ಗೊತ್ತಿಲ್ಲದವನು ಏನಂತ ಬರೆಯಬೇಕು? ಸಂಬಳವಿಲ್ಲದೆ ರಾತ್ರಿ ಕೂತು ಪ್ಯಾಕೇಜ್ ನೋಡಿಕೊಳ್ಳುವವರನ್ನು ನಾನು ಬೈಯುತ್ತಿಲ್ಲ, ಅವರ ಪಾಡೇ ಅವರಿಗೆ ಸಾಕು. ಬೆನ್ನಿಗೆ ದೊಡ್ಡ ಕಂಪನಿ, ಬಂಡವಾಳ, ವರ್ಷಕ್ಕೊಂದು ಸಮ್ಮೇಳನ ಎಲ್ಲ ಇಟ್ಟುಕೊಂಡವರೂ ಇದೇ ಮಾತಾಡಿದರೆ ಹೊಟ್ಟೆ ಉರಿಯುತ್ತದೆ. ಆಗದ ಕೆಲಸ ಏನಲ್ಲ ಇದು. 2005ರಲ್ಲಿ ಹೊರಬಂದ ಜಾಂಗೋ ಅನ್ನುವ ಫ್ರೇಮ್‌ವರ್ಕಿನಲ್ಲಿ ಹೊಸ ಫೀಚರ್ ಸೇರಬೇಕಾದರೆ ಟೆಸ್ಟ್ ಜೊತೆಗೆ ಡಾಕ್ಸ್ ಕೂಡ ಬರೆದು ತರಬೇಕು. ಅದನ್ನು ನಡೆಸುತ್ತಿರುವುದು ಲಾಭದ ಉದ್ದೇಶವಿಲ್ಲದ ಒಂದು ಫೌಂಡೇಶನ್. ಅವರಿಗೆ ಆಗುತ್ತದೆ, ನಿಮಗೆ ಆಗಲ್ವಾ? ಲೋಗೋ ಬದಲಿಸೋಕೆ ಆಗುತ್ತೆ!

ಇಶ್ಯೂ, ಅಂದರೆ ಪ್ರಾಜೆಕ್ಟಿನ ಪುಟದಲ್ಲಿ ದೂರು, ಹಾಕಬಹುದಲ್ಲ ಅಂತೀರಿ. ಹಾಕಿದರೆ ಬಾಟ್, ತನ್ನಷ್ಟಕ್ಕೆ ಕೆಲಸ ಮಾಡುವ ಪ್ರೋಗ್ರಾಂ, ಇದೆ. ತುಂಬಾ ಕಡೆ ಬಳಸುವ ಸ್ಟೇಲ್ ಬಾಟ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ 60 ದಿನ ಯಾರೂ ಮಾತಾಡದಿದ್ದರೆ ಹಳಸಿದೆ ಅಂತ ಚೀಟಿ ಅಂಟಿಸುತ್ತದೆ, ಇನ್ನು 7 ದಿನಕ್ಕೆ ಮುಚ್ಚುತ್ತದೆ, ನಿಮ್ಮ ಕೊಡುಗೆಗೆ ಧನ್ಯವಾದ ಅನ್ನುತ್ತದೆ. ಅದಕ್ಕೇ ಕೆಲವು ಇಶ್ಯೂಗಳಲ್ಲಿ ಯಾರೋ ಪುಣ್ಯಾತ್ಮರು ಆಗಾಗ ಬಂದು 'ಇನ್ನೂ ಇದೆ' ಅಂತ ಬರೆದು ಹೋಗುತ್ತಿರುತ್ತಾರೆ. ಉತ್ತರ ಕೊಡುವವರಿಲ್ಲ, ಸುಮ್ನೆ ಬಾಟ್ ತಡೆಯೋಕೆ ಕಾವಲು. ಮುಚ್ಚಿದ ಮೇಲೆ ಹೊಸದಾಗಿ ಹಾಕಲು ಹೋದರೆ ಫಾರ್ಮ್ ತೆರೆಯುತ್ತದೆ, ಅದರಲ್ಲೊಂದು ಚೌಕ ಕಡ್ಡಾಯ. 'ನಾನು ಡಾಕ್ಯುಮೆಂಟೇಶನ್ ಓದಿದ್ದೇನೆ' ಅಂತ ಟಿಕ್ ಮಾಡದೆ ಡಾಕ್ಯುಮೆಂಟೇಶನ್ ಇಲ್ಲ ಅಂತ ದೂರು ಕೊಡುವ ಹಾಗಿಲ್ಲ.