ಕಳೆದ ವರ್ಷದ ಗುಂಡಿ, ಈ ವರ್ಷದ ಸಸಿ

ಮಾರ್ಚ್ 22, ವಿಶ್ವ ಜಲ ದಿನ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದ ಹೊಂಗೆ ಮರಕ್ಕೆ ನಾಲ್ಕು ಮೊಳೆ ಹೊಡೆದು ಒಂದು ಫ್ಲೆಕ್ಸ್ ಕಟ್ಟಿದ್ದರು. ‘ಪರಿಸರವೇ ನಮ್ಮ ಉಸಿರು’ ಅಂತ. ಕಟ್ಟಿದವರು ನಮ್ಮ ನೀರು ನೋಡಿಕೊಳ್ಳುವ ಕಂಪನಿಯವರು. ಬೋರ್‌ವೆಲ್, ಟ್ಯಾಂಕರ್, ಮೀಟರ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಎಲ್ಲ ಅವರದೇ. ಬಿಲ್ ಮಾತ್ರ ನಮ್ಮದು.

ಒಂಬತ್ತೂವರೆಯ ಕಾರ್ಯಕ್ರಮ ಹನ್ನೊಂದಕ್ಕೆ ಶುರುವಾಯಿತು. ಪ್ರತಿ ಕುರ್ಚಿಯ ಮೇಲೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ. ಜನ ಎರಡು ಗುಟುಕು ಕುಡಿದು ಕೆಳಗಿಟ್ಟರು. ನೀರಿನ ಮಹತ್ವದ ಭಾಷಣ ಮುಗಿಯುವ ಹೊತ್ತಿಗೆ ಅರ್ಧರ್ಧ ತುಂಬಿದ ಬಾಟಲಿಗಳೇ ಒಂದು ಮೂಟೆ ಆದವು.

ಆಮೇಲೆ ಸಸಿ ನೆಡುವುದು. ಗುಂಡಿ ತೋಡುವ ಕೆಲಸವೇ ಇರಲಿಲ್ಲ. ಕಳೆದ ವರ್ಷ ನೆಟ್ಟಿದ್ದ ಸಸಿಗಳ ಗುಂಡಿಗಳು ಹಾಗೇ ಖಾಲಿ ಬಿದ್ದಿದ್ದವು. ಮರುಬಳಕೆ ಅಂದ್ರೆ ಇದೇ ಅಲ್ವಾ?

ಸಸಿಗೆ ಹಾಕಲು ಎಸ್‌ಟಿಪಿ ನೀರು ತಂದರು. ಕಂಪನಿಯ ಸಸ್ಟೇನಬಿಲಿಟಿ ಹೆಡ್ ಬಕೆಟ್ ಹತ್ತಿರ ಬಗ್ಗಿ, ಅಷ್ಟೇ ಬೇಗ ಎದ್ದು, ಮೂಗಿಗೆ ಕರ್ಚೀಫ್ ಹಿಡಿದರು. ಅದನ್ನು ಶುದ್ಧ ಮಾಡುವುದು ಅವರೇ, ಪಾಪ. ನಮ್ಮ ಎಸ್‌ಟಿಪಿ ಕಾಗದದಲ್ಲಿ 24 ಗಂಟೆ ಓಡುತ್ತದೆ. ನಿಜವಾಗಿ ಮೋಟಾರ್ ಸದ್ದು ಕೇಳಿದರೆ ಮಾತ್ರ ಯಾರೋ ಅಧಿಕಾರಿ ಬಂದರು ಅಂತ ವಾಚ್‌ಮನ್ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾನೆ. ಉಳಿದ ದಿನ ಎಲ್ಲವೂ ರಾಜಕಾಲುವೆಗೆ. ಇಂಥ ಕಾಲುವೆಗಳ ಕೊಳಚೆ ಕುಡಿದೇ ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಕಕ್ಕಿತು. 2015ರಲ್ಲಿ, ಮತ್ತೆ 2018ರಲ್ಲಿ ಹೊತ್ತಿಯೂ ಉರಿಯಿತು. ನೀರಿಗೆ ಬೆಂಕಿ ಹಚ್ಚಿ ತೋರಿಸಿದ ಊರು ನಮ್ಮದು.

ಕೊನೆಗೆ ಫೋಟೊಗೆ ಅಂತ ಟ್ಯಾಂಕರನ್ನೇ ಕರೆಸಿದರು. 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ, ಅದನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಾವೆಲ್ಲ ಧೂಳು ಮೆತ್ತಿದ ಕಾರಿನಲ್ಲೇ ಓಡಾಡಿದ್ದೆವು.

ಟ್ಯಾಂಕರ್ ಡ್ರೈವರ್ ಪಕ್ಕದ ಹಳ್ಳಿಯವನು. ನೀರೂ ಅಲ್ಲಿಯದೇ. ಆ ಊರಿಗೆ ಕಂಪನಿ ಒಂದು ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿಸಿಕೊಟ್ಟಿದೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಸಮುದಾಯಕ್ಕೆ ಬೆಂಬಲ ಅನ್ನುವುದು ಇದಕ್ಕೇ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಿ ಅನ್ನುತ್ತದೆ. ಆ ಲಾಭ ಯಾರ ಬೋರ್‌ನಿಂದ ಬಂತು ಅಂತ ಕೇಳುವುದಿಲ್ಲ. ಹಸು ಕೊಂದು ಚಪ್ಪಲಿ ದಾನ ಅಂತಾರಲ್ಲ, ಇಲ್ಲಿ ಆ ಚಪ್ಪಲಿಗೂ ನಾಣ್ಯ ಹಾಕಬೇಕು.

“ನಮ್ಮನೆ ಬೋರು ಹೋದ್ವರ್ಷ ನಿಂತೋಯ್ತು ಸಾರ್. ಹಗಲೆಲ್ಲ ನಿಮಗೆ ನೀರು ಹೊಡೀತೀನಿ, ರಾತ್ರಿ ಮನೆಗೆ ಕ್ಯಾನ್ ಹೊತ್ಕೊಂಡು ಹೋಗ್ತೀನಿ” ಅಂದ ಡ್ರೈವರ್.

ಅಷ್ಟರಲ್ಲಿ ಅವನ ಕೈಗೂ ಒಂದು ಸಸಿ ಕೊಟ್ಟು ಸಾಲಿನಲ್ಲಿ ನಿಲ್ಲಿಸಿದರು. ವರದಿಗೆ ಒಬ್ಬ ‘ಫಲಾನುಭವಿ’ ಬೇಕಿತ್ತಂತೆ. ಸುಮ್ನೆ ನಗು ಅಂದರು, ನಕ್ಕ.

ಫೋಟೊ ಮುಗಿದ ಮೇಲೆ ಸಸಿ ಕೆಳಗಿಟ್ಟು, ಜೇಬಿನಿಂದ ಚೀಟಿ ತೆಗೆದು ನನ್ನ ಮುಂದೆ ಹಿಡಿದ.

“ಒಂದು ಲೋಡು ಸಾರ್. ಸೈನ್ ಹಾಕಿ, ನಿಮ್ಮ ಬಿಲ್ಲಿಗೇ ಬರುತ್ತೆ.”