ಐಜ್ವಾಲ್ ಗೆದ್ದ ವರ್ಷ, ಬೆಂಗಳೂರು ಬಾಗಿಲು ಬದಲಿಸಿದ ವರ್ಷ

ಲೆಸ್ಟರ್ ಸಿಟಿ ಇಂಗ್ಲೆಂಡಿನ ಲೀಗ್ ಗೆದ್ದ ಕಥೆಯನ್ನು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದರ ಮರುವರ್ಷವೇ ನಮ್ಮ ದೇಶದಲ್ಲಿ ಮಿಜೋರಾಂನ ಐಜ್ವಾಲ್ ಎಫ್‌ಸಿ ಆಗಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆದ ಐ-ಲೀಗ್ ಗೆದ್ದದ್ದು ಎಷ್ಟು ಜನರಿಗೆ ನೆನಪಿದೆ? ಆಗ ಪತ್ರಿಕೆಗಳು ಅದನ್ನು 'ಭಾರತದ ಲೆಸ್ಟರ್' ಎಂದು ಕರೆದು ಕೈತೊಳೆದುಕೊಂಡವು. ಈ ಹೋಲಿಕೆ ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ಲೆಸ್ಟರ್ ಗೆದ್ದ ಮೇಲೆ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿ ಕ್ವಾರ್ಟರ್ ಫೈನಲ್ ತಲುಪಿತು. ಐಜ್ವಾಲ್ ಗೆದ್ದ ಮೇಲೆ, ಮುಂದಿನ ವರ್ಷ ತಾನು ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಇರುತ್ತೇನೆಯೇ ಎಂದು ಭಾರತದ ಫುಟ್‌ಬಾಲ್ ಒಕ್ಕೂಟದ ಬಾಗಿಲಲ್ಲಿ ನಿಂತು ಕೇಳಬೇಕಾಯಿತು.

ಆ 2016-17ರ ಋತು ಶುರುವಾದದ್ದೇ ವಿಚಿತ್ರವಾಗಿ. ಹಿಂದಿನ ಋತುವಿನಲ್ಲಿ ಒಂಬತ್ತು ತಂಡಗಳ ಪೈಕಿ ಐಜ್ವಾಲ್ ಎಂಟನೆಯದು. ಕೊನೆಯ ಸ್ಥಾನದಲ್ಲಿದ್ದ ಡಿಎಸ್‌ಕೆ ಶಿವಾಜಿಯನ್ಸ್ ಕೆಳಗಿನ ದರ್ಜೆಯಿಂದ ಗೆದ್ದು ಬರದೆ ನೇರ ಪ್ರವೇಶ ಪಡೆದ ತಂಡವಾದ್ದರಿಂದ ಅದಕ್ಕೆ ಹಿಂಬಡ್ತಿಯಿಂದ ವಿನಾಯಿತಿ ಇತ್ತು. ಹಾಗಾಗಿ ಕೆಳಗಿಳಿದದ್ದು ಎಂಟನೆಯ ತಂಡ! ಅದೇ ವರ್ಷ ಫೆಡರೇಷನ್ ಕಪ್ ಫೈನಲ್ ತನಕ ಹೋಗಿದ್ದ ತಂಡವದು ಎನ್ನುವುದನ್ನೂ ಮರೆಯಬೇಡಿ. ಆಮೇಲೆ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಅನ್ನು ಐ-ಲೀಗಿನ ಮೇಲೆ ಕೂರಿಸುವ ಭಾರತೀಯ ಫುಟ್‌ಬಾಲಿನ ಹೊಸ ನಕ್ಷೆಯನ್ನು ವಿರೋಧಿಸಿ ಗೋವಾದ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್‌ಗಳು ಹೊರನಡೆದವು. ಖಾಲಿಯಾದ ಜಾಗಕ್ಕೆ ಐಜ್ವಾಲನ್ನು ಮರಳಿ ಕರೆದರು.

ತರಬೇತುದಾರನಾಗಿ ಬಂದವರು ಖಾಲಿದ್ ಜಮೀಲ್. ಏಳು ವರ್ಷ ಮುಂಬೈ ಎಫ್‌ಸಿಯನ್ನು ನಡೆಸಿ, ಅಲ್ಲಿಂದ ಹೊರಬಿದ್ದಿದ್ದರು. ಪತ್ರಕರ್ತರಿಗೆ ಅವರು ನೀರಸ ಮನುಷ್ಯ: ಎರಡು ವಾಕ್ಯದಲ್ಲಿ ಉತ್ತರ ಮುಗಿಸುವವರು. ಅವರ ತಂಡದಲ್ಲಿ ಸಿರಿಯಾದ ಮಹ್ಮೂದ್ ಅಲ್-ಅಮ್ನಾ, ಲೈಬೀರಿಯಾದ ಆಲ್ಫ್ರೆಡ್ ಜಾರ್ಯನ್, ಮುಂಬೈನಿಂದ ಬಂದ ಆಶುತೋಷ್ ಮೆಹ್ತಾ ಮತ್ತು ಜಯೇಶ್ ರಾಣೆ, ಗೋಲು ಕಾಯಲು ಗೋವಾದ ಆಲ್ಬಿನೊ ಗೋಮ್ಸ್. ಇವರ ಸುತ್ತ ಮಿಜೋ ಹುಡುಗರ ಪಡೆ. 2011ರ ಜನಗಣತಿಯಂತೆ ಇಡೀ ಮಿಜೋರಾಂ ಸೇರಿದರೂ ಹನ್ನೊಂದು ಲಕ್ಷ ಜನ. ಬೆಂಗಳೂರಿನ ಕೆಲವು ಬಡಾವಣೆಗಳನ್ನು ಕೂಡಿಸಿದರೆ ಅಷ್ಟಾಗುತ್ತದೆ. ಆದರೆ 2012ರಲ್ಲೇ ತನ್ನದೇ ಮಿಜೋರಾಂ ಪ್ರೀಮಿಯರ್ ಲೀಗ್ ಕಟ್ಟಿಕೊಂಡ ನಾಡು ಅದು. ಹುಡುಗರು ಆಕಾಶದಿಂದ ಉದುರಿದವರಲ್ಲ.

ಏಪ್ರಿಲ್ 22ರಂದು ಐಜ್ವಾಲಿನ ಮುವಾಲ್ಪುಯಿಯ ಕೃತಕ ಹುಲ್ಲಿನ ಅಂಗಳಕ್ಕೆ ಮೋಹನ್ ಬಾಗಾನ್ ಬಂದಾಗ ಎರಡೂ ತಂಡಗಳದು ತಲಾ 33 ಅಂಕ, ಉಳಿದದ್ದು ಎರಡೇ ಪಂದ್ಯ. ಶತಮಾನ ದಾಟಿದ ಕ್ಲಬ್ ಒಂದು ಕಡೆ, ಹಿಂದಿನ ವರ್ಷ ಹಿಂಬಡ್ತಿ ಪಡೆದದ್ದು ಇನ್ನೊಂದು ಕಡೆ. ಗೋಲಿಲ್ಲದೆ ಮುಗಿಯುತ್ತದೆ ಎನ್ನುವಷ್ಟರಲ್ಲಿ, 83ನೇ ನಿಮಿಷದಲ್ಲಿ ಐಜ್ವಾಲಿನ ಝೊಹ್ಮಿಂಗ್‌ಲಿಯಾನಾ ರಾಲ್ಟೆ ತಲೆಯಿಂದ ಚೆಂಡನ್ನು ಬಲೆಗೆ ಹಾಕಿದರು. ಕೊನೆಯ ದಿನ ಶಿಲ್ಲಾಂಗಿನಲ್ಲಿ ಒಂದು ಅಂಕ ಸಾಕಿತ್ತು. ಅಲ್ಲಿನ ಲಾಜೊಂಗ್ ತಂಡದ ಪರ ಡಿಪಾಂಡ ಒಂಬತ್ತನೇ ನಿಮಿಷದಲ್ಲೇ ಗೋಲು ಹೊಡೆದು ಹೆದರಿಸಿದರು. ಅತ್ತ ಕೋಲ್ಕತ್ತದಲ್ಲಿ ಬಾಗಾನ್ ಚೆನ್ನೈ ಸಿಟಿಯನ್ನು ಸೋಲಿಸುತ್ತಿತ್ತು. 67ನೇ ನಿಮಿಷದಲ್ಲಿ ವಿಲಿಯಂ ಲಾಲ್‌ನುನ್‌ಫೆಲಾ ಸಮ ಮಾಡಿದರು. 37 ಅಂಕ, ಬಾಗಾನ್‌ಗೆ 36. ಈಶಾನ್ಯದ ಕ್ಲಬ್ಬೊಂದು ರಾಷ್ಟ್ರೀಯ ಲೀಗ್ ಗೆದ್ದದ್ದು ಅದೇ ಮೊದಲು. ಜಮೀಲರನ್ನು ಬಿಟ್ಟುಕೊಟ್ಟಿದ್ದ ಮುಂಬೈ ಎಫ್‌ಸಿ ಅದೇ ಋತುವಿನಲ್ಲಿ ಕಟ್ಟಕಡೆಗೆ ಬಂದು ಕೆಳಗಿಳಿಯಿತು ಎನ್ನುವುದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಇನ್ನು ನಮ್ಮ ಕಡೆಯ ಮಾತು. ಆ ವರ್ಷ ಹಾಲಿ ಚಾಂಪಿಯನ್ ನಮ್ಮ ಬೆಂಗಳೂರು ಎಫ್‌ಸಿ. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿ ಬಂದ ತಂಡ, ಛೆಟ್ರಿ ನಾಯಕ. ಮುಗಿಸಿದ್ದು ನಾಲ್ಕನೇ ಸ್ಥಾನದಲ್ಲಿ. ಐಜ್ವಾಲ್ ಗೆದ್ದು ಎರಡು ತಿಂಗಳೊಳಗೆ ಐಎಸ್‌ಎಲ್ ಹೊಸ ತಂಡಗಳಿಗೆ ಬಿಡ್ ಕರೆದು, ಬೆಂಗಳೂರು ಮತ್ತು ಜಮ್‌ಶೆಡ್‌ಪುರಕ್ಕೆ ಜಾಗ ಕೊಟ್ಟಿತು. ನಾಲ್ಕನೆಯವರು ದುಡ್ಡು ಕಟ್ಟಿ ಮೇಲೆ ಹೋದರು, ಮೊದಲನೆಯವರು ಹಳೆಯ ಲೀಗಿನಲ್ಲೇ ಉಳಿದರು. ಕಂಠೀರವದ ಗ್ಯಾಲರಿಯಲ್ಲಿ ನಾವೆಲ್ಲ ಖುಷಿಪಟ್ಟೆವು. ದೊಡ್ಡ ವೇದಿಕೆ, ಟಿ.ವಿ., ಬೆಳಕು. ಐಜ್ವಾಲಿನ ಪರ ಬೆಂಗಳೂರಿನಿಂದ ಎದ್ದ ದನಿ ನನ್ನ ಕಿವಿಗಂತೂ ಬಿದ್ದಿಲ್ಲ. ನಮ್ಮ ಕ್ಲಬ್ 2013ರಲ್ಲಿ ಐ-ಲೀಗಿಗೆ ಬಂದದ್ದೂ ನೇರ ಪ್ರವೇಶದಿಂದಲೇ ತಾನೇ? ಆ ಬಾಗಿಲಿನಿಂದ ಬಂದವರಿಗೆ ಮೆಟ್ಟಿಲು ಹತ್ತುವವರ ಮಂಡಿನೋವು ಹೇಗೆ ಗೊತ್ತಾಗಬೇಕು.

'ದುಡ್ಡಿಲ್ಲದೆ ಲೀಗ್ ನಡೆಯುವುದಿಲ್ಲ' ಎನ್ನುವ ಗೆಳೆಯರಿದ್ದಾರೆ. ನಿಜ, ನಡೆಯುವುದಿಲ್ಲ. ಐಎಸ್‌ಎಲ್ ಬಂದ ಮೇಲೆ ಆಟಗಾರರ ಸಂಬಳ ಏರಿತು, ಮೈದಾನಗಳು ಸುಧಾರಿಸಿದವು, ಅಲ್ಲಗಳೆಯುವುದಿಲ್ಲ. ಆದರೆ ಅಂಕಪಟ್ಟಿಯ ಮೇಲೆ ಟೆಂಡರ್ ಕಾಗದ ಕುಳಿತ ದಿನ ಅದು ಲೀಗ್ ಆಗಿ ಉಳಿಯುವುದಿಲ್ಲ, ಪ್ರದರ್ಶನ ಸರಣಿಯಾಗುತ್ತದೆ ಎಂಬುದು ನನ್ನ ವಾದ. ಐಜ್ವಾಲಿಗೆ ಸಿಕ್ಕಿದ್ದು 2018ರ ಜನವರಿಯಲ್ಲಿ ಇರಾನಿನಲ್ಲಿ ಜೋಬ್ ಅಹಾನ್ ವಿರುದ್ಧ ಏಷ್ಯನ್ ಚಾಂಪಿಯನ್ಸ್ ಲೀಗಿನ ಒಂದೇ ಒಂದು ಅರ್ಹತಾ ಪಂದ್ಯ. 3-1ರಿಂದ ಸೋತು ಮರಳಿದರು. ಅಷ್ಟರಲ್ಲಿ ಜಮೀಲ್, ಅಲ್-ಅಮ್ನಾ ಇಬ್ಬರೂ ಈಸ್ಟ್ ಬೆಂಗಾಲ್ ಸೇರಿಯಾಗಿತ್ತು. ಆ ಜಮೀಲರೇ 2025ರಲ್ಲಿ ಭಾರತ ತಂಡದ ತರಬೇತುದಾರರಾದರು.

ಐ-ಲೀಗ್ ಗೆದ್ದವರಿಗೆ ಐಎಸ್‌ಎಲ್‌ಗೆ ದಾರಿ ತೆರೆದದ್ದು 2023ರಲ್ಲಿ: ಮೊದಲು ಪಂಜಾಬ್, ಮರುವರ್ಷ ಮೊಹಮ್ಮಡನ್. ಆ ವರ್ಷಗಳಲ್ಲಿ ಮೇಲಿನಿಂದ ಒಬ್ಬರೂ ಕೆಳಗಿಳಿಯಲಿಲ್ಲ. 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಬೆಂಗಳೂರು ಹತ್ತನೆಯದು. ಹಿಂಬಡ್ತಿ ಇದ್ದಿದ್ದರೆ ಆ ಏಪ್ರಿಲ್‌ನಲ್ಲಿ ನಮಗೆ ಎದೆ ಡವಗುಟ್ಟುತ್ತಿತ್ತು, ಗ್ಯಾಲರಿಯಲ್ಲಿ ಉಗುರು ಕಚ್ಚುತ್ತಾ ಕೂರುತ್ತಿದ್ದೆವು. ಅದರ ಬದಲು ಪಂದ್ಯ ಮುಗಿಯುವ ಮೊದಲೇ ಎದ್ದು ಮೆಟ್ರೊ ಹಿಡಿಯುವ ಯೋಚನೆ. ನನಗೆ ಆ ಭಯ ಬೇಕು. ನಮ್ಮ ತಂಡವೇ ಇಳಿಯುವುದಾದರೂ ಸರಿ, ಎರಡನೇ ದರ್ಜೆಯ ಪಂದ್ಯಕ್ಕೂ ಟಿಕೆಟ್ ಕೊಳ್ಳುತ್ತೇನೆ. ಐಜ್ವಾಲ್ ಬಂದು ನಮ್ಮನ್ನು ಸೋಲಿಸಿ ಹೋದರೆ ಚಪ್ಪಾಳೆಯನ್ನೂ ತಟ್ಟುತ್ತೇನೆ. ಪಶ್ಚಿಮದ ಗ್ಯಾಲರಿಯ ಗೆಳೆಯರು ಕಾಮೆಂಟಿನಲ್ಲಿ ಬೈಯಬಹುದು.